ಪೆಂಡ್ರೈವ್ ಹಿಡಿದು ಬರುವವರಿಗಾಗಿ ಒಂದು ಲ್ಯಾಪ್‌ಟಾಪ್

"ಅಣ್ಣಾ, ಡಿಜೆಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಅಂತ ಕೇಳುವ ಹುಡುಗರಿಗೆ ಬೇಕಾಗಿರುವುದು ಒಂದು ಮಾಡೆಲ್ ಹೆಸರು. ಹೆಚ್ಚೆಂದರೆ ಐ5 ಸಾಕಾ, ಐ7ಗೇ ಹೋಗಬೇಕಾ ಅನ್ನುವುದು. ನಾನು ತಿರುಗಿ ಕೇಳುವುದೇ ಬೇರೆ. ಎಲ್‌ಇಡಿ ವಾಲ್‌ಗೆ ವಿಡಿಯೊ ಬಿಡೋನು ನೀನೇನಾ? ಛತ್ರದ ಕರೆಂಟಾ, ಜನರೇಟರಾ? ಫೋಟೋಗ್ರಾಫರ್ ಯಾರು? ಮೂರನೆಯದು ಕೇಳಿದಾಗ ನಗುತ್ತಾರೆ. ಲ್ಯಾಪ್‌ಟಾಪ್ ತಗೊಳ್ಳೋಕೂ ಫೋಟೋಗ್ರಾಫರ್‌ಗೂ ಏನು ಸಂಬಂಧ? ನನ್ನ ಪ್ರಕಾರ ಇರುವ ಸಂಬಂಧವೆಲ್ಲ ಅಲ್ಲೇ ಇದೆ.

ವಾರದ ದಿನ ಬೆಂಗಳೂರಿನಲ್ಲಿ ಆಫೀಸು, ಲಗ್ನದ ದಿನಗಳಲ್ಲಿ ತಿಪಟೂರು–ಅರಸೀಕೆರೆ–ಕಡೂರು ಕಡೆ ಭಾವನ ಸೌಂಡ್ ಸೆಟ್ಟಿನ ಜೊತೆ ಟಾಟಾ ಏಸ್ ಹತ್ತುವುದು, ಇದು ನನ್ನ ಪಾಡು. ಭಾವ ಟಾಪು–ಬೇಸು (ಮೇಲಿನ ಸ್ಪೀಕರು, ದಪ್ಪ ದನಿಯ ಸ್ಪೀಕರು) ನೋಡಿಕೊಳ್ಳುತ್ತಾರೆ, ಲ್ಯಾಪ್‌ಟಾಪ್ ನನ್ನ ಪಾಲು. ಮೊದಲೆಲ್ಲ ನಮಗೆ ದೊಡ್ಡ ಆರ್ಡರ್ ಅಂದರೆ ಗಣೇಶನ ಮೆರವಣಿಗೆ. ಈಗ ಅದಕ್ಕೆ ಡಿಜೆ ಹಚ್ಚಲು ಎಷ್ಟೋ ಕಡೆ ಪೊಲೀಸರು ಅನುಮತಿ ಕೊಡುವುದಿಲ್ಲ. ಕೊಟ್ಟರೂ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತಕ್ಕೆ ಬಂದ್. (ಬೇಸ್ ಪಕ್ಕ ನಿಂತು ನಿಂತು ಕಿವಿ ಅರ್ಧ ಕಳೆದುಕೊಂಡವನಾಗಿ ಹೇಳುತ್ತೇನೆ, ಆ ನಿಯಮದ ಮೇಲೆ ನನಗೇನೂ ಸಿಟ್ಟಿಲ್ಲ.) ಹೀಗಾಗಿ ದುಡಿಮೆ ಆರತಕ್ಷತೆ, ಹಳದಿ ಶಾಸ್ತ್ರ, ನಾಮಕರಣದ ಕಡೆಗೆ ಸರಿದಿದೆ. ಅಲ್ಲಿ ಹಾಡಿನಷ್ಟೇ ವಿಡಿಯೊ ಮುಖ್ಯ. ಹುಡುಗ–ಹುಡುಗಿ ಸ್ಟೇಜ್ ಹತ್ತುವಾಗ ಹಿಂದಿನ ವಾಲ್ ಮೇಲೆ ಅವರ ಪ್ರೀ–ವೆಡ್ಡಿಂಗ್ ಓಡಲೇಬೇಕು. ಹಾಡಿನ ಫೈಲು ನಮ್ಮದು, ವರ್ಷಗಟ್ಟಲೆ ಆರಿಸಿ, ಜೋಡಿಸಿ ಇಟ್ಟುಕೊಂಡದ್ದು. ವಿಡಿಯೊ ಮಾತ್ರ ಯಾರದ್ದೋ. ಅದು ಯಾವ ಕ್ಯಾಮೆರಾದಲ್ಲಿ ಹುಟ್ಟಿ ಯಾವ ಫೋನಿನ ಮೂಲಕ ಬರುತ್ತದೋ ಗೊತ್ತಿಲ್ಲದೆ ಲ್ಯಾಪ್‌ಟಾಪ್ ಕೊಳ್ಳಬೇಕು. ಅಂಗಡಿಯ ಬೋರ್ಡಿನ ಮೇಲಿರುವ ಯಾವ ನಂಬರೂ ಇದಕ್ಕೆ ಉತ್ತರ ಹೇಳುವುದಿಲ್ಲ.

ಟಪ್, ಟಪ್

ಕಡೂರಿನ ಕಡೆ ಒಂದು ಛತ್ರ. ನಮ್ಮ ಸೌಂಡು, ಆದರೆ ಡಿಜೆ ಹುಡುಗ ಗಂಡಿನ ಕಡೆಯವರು ಕರೆಸಿದವನು. ಅವನ ಕೈಯಲ್ಲಿ ಪೆಟ್ಟಿಗೆ ವಾಸನೆಯೂ ಹೋಗದ ಗೇಮಿಂಗ್ ಲ್ಯಾಪ್‌ಟಾಪ್. ಕೀಬೋರ್ಡಿನ ಕೆಳಗೆ ಕೆಂಪು–ನೀಲಿ ಲೈಟು, ಇಟ್ಟಿಗೆ ಗಾತ್ರದ ಚಾರ್ಜರ್. ಮೊದಲ ಹಾಡು ಬಿಟ್ಟ. ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಟಾಪ್‌ನಲ್ಲಿ ಒಂದು 'ಟಪ್'. ಮತ್ತೆ ನಾಲ್ಕೈದು ಸೆಕೆಂಡಿಗೆ ಇನ್ನೊಂದು. ಭಾವನಿಗೆ ಸಹಜವಾಗಿ ವೈರಿನ ಮೇಲೆ ಅನುಮಾನ. ಕಂಟ್ರೋಲರ್‌ನಿಂದ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಡಿಜೆ ಗುಂಡಿಗಳ ಹಲಗೆ) ಮಿಕ್ಸರ್‌ಗೆ ಹೋಗುವ ಕೇಬಲ್ ಬದಲಾಯಿಸಿದರು, ಚಾನೆಲ್ ಬದಲಾಯಿಸಿದರು, ಗೇನ್ ಇಳಿಸಿದರು. ಟಪ್ ಹೋಗಲಿಲ್ಲ. ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ: "ನೋಡಿ ಸಾರ್, ಪ್ರೊಸೆಸರ್ ಹತ್ತು ಪರ್ಸೆಂಟೂ ಓಡ್ತಿಲ್ಲ. ಲ್ಯಾಪ್‌ಟಾಪ್ ಪ್ರಾಬ್ಲಮ್ ಅಲ್ಲವೇ ಅಲ್ಲ."

ಅವನು ಹೇಳಿದ್ದು ಸುಳ್ಳೇನಲ್ಲ, ಆ ಹತ್ತು ಪರ್ಸೆಂಟು ನಿಜ. ಮೂಲೆಯಲ್ಲಿ ಅವನ ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಕನೆಕ್ಟ್ ಆಗಿರುವುದು ಕಂಡಿತು. "ಒಂದ್ ನಿಮಿಷ ವೈಫೈ ಆಫ್ ಮಾಡಪ್ಪ" ಅಂದೆ. ಮಾಡಿದ. ಟಪ್ ನಿಂತಿತು. ಆನ್ ಮಾಡಿದ, ಬಂತು. ಮತ್ತೆ ಆಫ್ ಮಾಡಿದವನು ರಾತ್ರಿ ಕಳೆಯುವ ತನಕ ಮುಟ್ಟಲಿಲ್ಲ. ಅಲ್ಲಿಗೆ ಆ ಹುಡುಗನ ಸಮಸ್ಯೆ ಮುಗಿಯಿತು, ನನಗೆ ಮಾತ್ರ ಅದು ತಲೆಯೊಳಗೆ ಉಳಿದುಬಿಟ್ಟಿತು.

ಲೆಕ್ಕ ಹೀಗಿದೆ. ಹಾಡಿನಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ದನಿಯ ಅಷ್ಟು ಅಳತೆಗಳು. ಸಾಫ್ಟ್‌ವೇರ್ ಅದನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಂಟ್ರೋಲರ್‌ಗೆ ಕೊಡುತ್ತಾ ಹೋಗುತ್ತದೆ. ಆ ಕಂತೇ ಬಫರ್. ಬಫರ್ 256 ಸ್ಯಾಂಪಲ್ ಅಂತ ಇಟ್ಟರೆ ಒಂದು ಕಂತು 5.8 ಮಿಲಿಸೆಕೆಂಡಿನಲ್ಲಿ ಖಾಲಿ. ಅಷ್ಟರೊಳಗೆ ಮುಂದಿನದು ತಯಾರಿರಬೇಕು. ಗಂಟೆಗೆ ಆರು ಲಕ್ಷ ಇಪ್ಪತ್ತು ಸಾವಿರ ಕಂತು, ಒಂದೂ ತಪ್ಪುವಂತಿಲ್ಲ. ಪ್ರೊಸೆಸರ್ ಎಷ್ಟೇ ಬಿಡುವಾಗಿರಲಿ, ವಿಂಡೋಸ್‌ನಲ್ಲಿ ವೈಫೈಯದೋ ಗ್ರಾಫಿಕ್ಸ್‌ನದೋ ಬ್ಯಾಟರಿಯದೋ ಡ್ರೈವರ್ (ಆ ಭಾಗವನ್ನು ನಡೆಸುವ ತಂತ್ರಾಂಶ) ಬಂದು ಕೂಗಿದರೆ ಮಿಕ್ಕ ಕೆಲಸವೆಲ್ಲ ಬದಿಗೆ ನಿಲ್ಲಬೇಕು. ಸರಿಯಾಗಿ ಬರೆದ ಡ್ರೈವರ್ ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ ಹೋಗುತ್ತದೆ. ಕೆಟ್ಟದ್ದು ಎಂಟು–ಹತ್ತು ಮಿಲಿಸೆಕೆಂಡು ಹಿಡಿದುಕೊಂಡು ಕೂರುತ್ತದೆ. ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನನ್ನು ಯಾರೋ ಮಾತಿಗೆ ನಿಲ್ಲಿಸಿಕೊಂಡ ಹಾಗೆ. ಅಡುಗೆಮನೆಯಲ್ಲಿ ಹಂಡೆ ತುಂಬ ಸಾರಿದ್ದೂ ಎಲೆಯ ಮೇಲಿಲ್ಲ. ಬಫರ್ ಬರಿದಾದ ಆ ಗಳಿಗೆಯೇ 'ಟಪ್'.

ಟಾಸ್ಕ್ ಮ್ಯಾನೇಜರ್ ತೋರಿಸುವುದು ಸರಾಸರಿ. ಅಂಗಡಿಯವರು ಹೇಳುವ ಗಿಗಾಹರ್ಟ್ಜ್, ಯೂಟ್ಯೂಬ್ ವಿಮರ್ಶಕರು ಹೇಳುವ ಸ್ಕೋರು, ಅವೂ ಹೆಚ್ಚುಕಡಿಮೆ ಸರಾಸರಿಯೇ. ನಮಗೆ ಬೇಕಾದದ್ದು ಅತಿ ಕೆಟ್ಟ ಗಳಿಗೆಯಲ್ಲಿ ಈ ಯಂತ್ರ ಎಷ್ಟು ಕೆಡುತ್ತದೆ ಅನ್ನುವ ಲೆಕ್ಕ. ಲೇಟೆನ್ಸಿಮಾನ್ ಅಂತ ಒಂದು ಪುಟ್ಟ ತಂತ್ರಾಂಶ ಇದೆ, ಪುಕ್ಕಟೆ. ಹಾಕಿ ಓಡಿಸಿದರೆ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿದುಕೊಂಡಿತು ಅಂತ ಹೆಸರು ಸಮೇತ ಹೇಳುತ್ತದೆ. ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಹಸಿರು, ಇನ್ನೊಂದು ಕೆಂಪು ತೋರಿಸಿದ್ದನ್ನು ನಾನೇ ನೋಡಿದ್ದೇನೆ.

ಬಫರನ್ನು 512ಕ್ಕೆ ಏರಿಸಿದರೂ ಅರ್ಧ ಕಾಟ ತಪ್ಪುತ್ತದೆ. ಕಂತು 11.6 ಮಿಲಿಸೆಕೆಂಡು ಆಗುತ್ತದೆ, ಗುಂಡಿ ಒತ್ತಿದ್ದು ಕೇಳಿಸುವುದು ಕೂದಲೆಳೆಯಷ್ಟು ತಡ. ಹಾಡನ್ನು ಹಿಂದೆಮುಂದೆ ಉಜ್ಜಿ ಸ್ಕ್ರ್ಯಾಚ್ ಮಾಡುವವರಿಗೆ ಅದು ಸಹಿಸದು. ನಮ್ಮ ಕಡೆ ಆರತಕ್ಷತೆಯಲ್ಲಿ ಸ್ಕ್ರ್ಯಾಚ್ ಮಾಡಿ ಅಂತ ಯಾರೂ ಇದುವರೆಗೆ ಕೇಳಿಲ್ಲ. "ಸೌಂಡ್ ಕಮ್ಮಿ ಮಾಡ್ರಪ್ಪ, ಊಟಕ್ಕೆ ಅನೌನ್ಸ್ ಮಾಡ್ಬೇಕು" ಅಂತ ಕೇಳಿದವರೇ ಹೆಚ್ಚು.

ಪೆಂಡ್ರೈವ್‌ನೊಳಗೆ

ಇನ್ನು ಫೋಟೋಗ್ರಾಫರ್ ವಿಷಯ. ಸಂಜೆ ಏಳಕ್ಕೆ ಸ್ಟೇಜ್ ಅಂದರೆ ಆರೂ ಐವತ್ತಕ್ಕೆ ಅವರ ಅಸಿಸ್ಟೆಂಟ್ ಹುಡುಗ ಬೆವರೊರೆಸಿಕೊಳ್ಳುತ್ತಾ ಬರುತ್ತಾನೆ. "ಅಣ್ಣಾ, ಇದ್ರಲ್ಲಿದೆ, ನ್ಯೂ ಫೋಲ್ಡರ್ ಅಲ್ಲಿ." ಆ ಫೋಲ್ಡರಿನಲ್ಲಿ ನಾನು ಕಂಡಿರುವ ಜಾತಿಗಳು, ಅಂದರೆ ವಿಡಿಯೊವನ್ನು ಅದುಮಿ ಬರೆಯುವ ಬಗೆಗಳು, ಒಂದೆರಡಲ್ಲ. ಐಫೋನಿನಲ್ಲಿ ತೆಗೆದ ಎಚ್‌ಇವಿಸಿ, ಅದೂ ಬೆಳಕು–ಬಣ್ಣ ಹೆಚ್ಚು ತುಂಬಿದ ಎಚ್‌ಡಿಆರ್; ಸಾಮಾನ್ಯ ಪ್ಲೇಯರಿನಲ್ಲಿ ಹಾಕಿದರೆ ರೇಷ್ಮೆ ಸೀರೆಯ ಬಣ್ಣವೆಲ್ಲ ಪೇಲವ. ಯೂಟ್ಯೂಬಿನಿಂದ ಇಳಿಸಿಕೊಂಡ 4ಕೆ. ಅಲ್ಲಿ 1080ರ ಮೇಲಿನದು ಹಳೆಯ ಎಚ್.264ರಲ್ಲಿ ಸಿಗುವುದಿಲ್ಲ, ಬರುವುದು ವಿಪಿ9 ಅಥವಾ ಎವಿ1. ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿ ಬಂದದ್ದು. ಸಲೀಸಾಗಿ ಓಡುತ್ತದೆ, ಮುಖ ಯಾರದೆಂದು ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಕ್ರೂರಿ, ಎಡಿಟಿಂಗ್‌ನಿಂದ ಸೀದಾ ಬಂದ, ಬಣ್ಣದ ವಿವರ ಮಾಮೂಲಿಗಿಂತ ಹೆಚ್ಚಿರುವ 10 ಬಿಟ್, 4:2:2ರ 4ಕೆ ಫೈಲು.

ವಿಡಿಯೊ ಬಿಚ್ಚಲು ಲ್ಯಾಪ್‌ಟಾಪ್‌ನಲ್ಲಿ ಎರಡು ದಾರಿ. ಗ್ರಾಫಿಕ್ಸ್ ಚಿಪ್ಪಿನಲ್ಲಿ ಅದಕ್ಕೆಂದೇ ಮಾಡಿಟ್ಟ ಒಂದು ಭಾಗವಿರುತ್ತದೆ, ಅದಕ್ಕೆ ಗೊತ್ತಿರುವ ಜಾತಿಯ ಫೈಲಾದರೆ 4ಕೆ ಇದ್ದರೂ ಫ್ಯಾನು ಕೂಡ ತಿರುಗುವುದಿಲ್ಲ. ಗೊತ್ತಿಲ್ಲದ್ದಾದರೆ ಪ್ರೊಸೆಸರೇ ಕೂತು ಬಿಚ್ಚಬೇಕು, ಆಗ ಹಾಡಿನ ಪಾಲಿನ ಸಮಯಕ್ಕೂ ಕೈ ಹಾಕುತ್ತದೆ. ಹೀಗಾಗಿ ಐ5ಓ ಐ7ಓ ಅನ್ನುವುದಕ್ಕಿಂತ ಎಷ್ಟನೆಯ ತಲೆಮಾರು ಅನ್ನುವುದು ಮುಖ್ಯ. ಇಂಟೆಲ್‌ನಲ್ಲಿ 10 ಬಿಟ್ ಎಚ್‌ಇವಿಸಿ, ವಿಪಿ9 ಸರಿಯಾಗಿ ಬಂದದ್ದು 7ನೇ ತಲೆಮಾರಿನಿಂದ. ಎವಿ1 ಬಂದದ್ದು 11ರಿಂದ. ಆಪಲ್‌ನ ಎಂ1, ಎಂ2ಗಳಿಗೂ ಎವಿ1 ಬರುವುದಿಲ್ಲ, ಎಂ3ರಿಂದ ಬರುತ್ತದೆ. 6ನೇ ತಲೆಮಾರಿನ ಐ7ಗಿಂತ 8ನೇ ತಲೆಮಾರಿನ ಐ5 ನಮ್ಮ ಕೆಲಸಕ್ಕೆ ಎಷ್ಟೋ ಮೇಲು. ಆದರೆ ಎಚ್.264ರಲ್ಲೇ ಬರೆದ 10 ಬಿಟ್ 4:2:2 ಇದೆಯಲ್ಲ, ಅದನ್ನು ಬಹುತೇಕ ಲ್ಯಾಪ್‌ಟಾಪ್‌ಗಳ ಚಿಪ್ಪು ಮುಟ್ಟುವುದೇ ಇಲ್ಲ. ಲಕ್ಷ ರೂಪಾಯಿಯ ಯಂತ್ರವೂ ಅದರ ಮುಂದೆ ಏದುಸಿರು ಬಿಡಬಹುದು.

ಹಾಡಿನ ವಿಡಿಯೊವನ್ನೇ ಮಿಕ್ಸ್ ಮಾಡುವವರಿಗೆ ಇನ್ನೂ ಒಂದು ಮಾತು. ವರ್ಚುವಲ್ ಡಿಜೆಯಂಥ ತಂತ್ರಾಂಶದಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರುವಾಗ ಪರದೆ ಒಂದೇ ಆದರೂ ಬಿಚ್ಚುವುದು ಎರಡು ವಿಡಿಯೊ. ಅದರ ಮೇಲೆ ಹಾಡಿನಿಂದ ದನಿ–ವಾದ್ಯ ಬೇರ್ಪಡಿಸುವ ಸ್ಟೆಮ್ಸ್ ಆನ್ ಮಾಡಿದರೆ ಅದಕ್ಕೂ ಗ್ರಾಫಿಕ್ಸೇ ದುಡಿಯಬೇಕು. ಜೊತೆಗೆ, ವಿಡಿಯೊದಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರವಲ್ಲ. ಎಲ್ಲೋ ಒಂದು ಪೂರ್ತಿ ಚಿತ್ರ, ಮಿಕ್ಕವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಅನ್ನುವ ಟಿಪ್ಪಣಿ ಮಾತ್ರ. ಹಾಡಿನ ನಡುವೆ ಕ್ಯೂ (ಗುರುತು) ಇಟ್ಟು ಅಲ್ಲಿಗೆ ಹಾರಿದರೆ ಹಿಂದಿನ ಪೂರ್ತಿ ಚಿತ್ರದವರೆಗೆ ಹೋಗಿ ಅಲ್ಲಿಂದ ಬಿಚ್ಚಿಕೊಂಡು ಬರಬೇಕು. ಆಡಿಯೊ ತಕ್ಷಣ ಹಾರಿ ವಿಡಿಯೊ ತಡವರಿಸುವುದು ಇದಕ್ಕೇ. ಫೈಲನ್ನು ಪೂರ್ತಿ ಚಿತ್ರಗಳು ಹತ್ತಿರ ಹತ್ತಿರ ಬರುವಂತೆ ಮತ್ತೆ ಬರೆದಿಟ್ಟುಕೊಂಡರೆ ಈ ಕಾಯಿಲೆ ಅಲ್ಲಿಗೆ ವಾಸಿ. ಹೊಸ ಲ್ಯಾಪ್‌ಟಾಪ್ ಬೇಡ.

ಇಷ್ಟೆಲ್ಲ ಒದ್ದಾಟ 4ಕೆಗಾಗಿ. ಆ ವಾಲ್‌ನಲ್ಲಿ ಎಷ್ಟು ಪಿಕ್ಸೆಲ್ ಇದೆ ಅಂತ ಯಾರಾದರೂ ಎಣಿಸಿದ್ದಾರಾ? ಬಾಡಿಗೆಗೆ ಬರುವ ಪಿ3.9 ವಾಲ್‌ನಲ್ಲಿ ಚುಕ್ಕಿಯಿಂದ ಚುಕ್ಕಿಗೆ 3.91 ಮಿಲಿಮೀಟರ್. ಅರ್ಧ ಮೀಟರ್ ಚೌಕದ ಒಂದು ಕ್ಯಾಬಿನೆಟ್ಟಿಗೆ 128ಕ್ಕೆ 128 ಚುಕ್ಕಿ. ಅಡ್ಡ ಎಂಟು, ಎತ್ತರ ಐದು ಕ್ಯಾಬಿನೆಟ್ ಜೋಡಿಸಿದರೆ ನಾಲ್ಕು ಮೀಟರ್ ಅಗಲದ ವಾಲ್, ಸಾಧಾರಣ ಸ್ಟೇಜ್ ತುಂಬುತ್ತದೆ. ಅದರಲ್ಲಿ ಇರುವುದು 1024 ಅಡ್ಡ, 640 ಉದ್ದ. ಒಟ್ಟು ಆರೂವರೆ ಲಕ್ಷ ಚುಕ್ಕಿ. 4ಕೆ ಫ್ರೇಮಿನಲ್ಲಿ ಎಂಬತ್ಮೂರು ಲಕ್ಷ. ಹನ್ನೆರಡು ಪಟ್ಟು ಹೆಚ್ಚು ದುಡಿಸಿ, ಬಂದದ್ದರಲ್ಲಿ ಹೆಚ್ಚಿನಂಶವನ್ನು ಎಲ್‌ಇಡಿಯವರ ಪ್ರೊಸೆಸರ್ ಡಬ್ಬಿಯಲ್ಲಿ ಎಸೆಯುತ್ತೇವೆ. ಈ ಲೆಕ್ಕ ಹೇಳಿದರೆ ಫೋಟೋಗ್ರಾಫರ್‌ಗಳಿಗೆ ಬೇಜಾರು. "ಕ್ವಾಲಿಟಿ ಹೋಗುತ್ತೆ ಸಾರ್" ಅನ್ನುತ್ತಾರೆ. ಹೋಗುವುದಕ್ಕೆ ಅಲ್ಲಿ ಇರಬೇಕಲ್ಲ.

ಆದ್ದರಿಂದ ನನ್ನ ಪಾಲಿಗೆ ಲ್ಯಾಪ್‌ಟಾಪಿನ ಅರ್ಧ ಕೆಲಸ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದ್ದು. ಯಾವ ಜಾತಿ ಫೈಲು ಬಂದರೂ 1080, 8 ಬಿಟ್, ಎಚ್.264ಕ್ಕೆ ಇಳಿಸಿಡುವುದು. ಹಿಂದಿನ ದಿನವೇ ಫೋಟೋಗ್ರಾಫರ್‌ಗೆ ಫೋನ್ ಮಾಡಿ ಅದೇ ಅಳತೆಯಲ್ಲಿ ಕೇಳಿ ಪಡೆದರೆ ಇನ್ನೂ ಒಳ್ಳೆಯದು. ಆರೂ ಐವತ್ತಕ್ಕೆ ಬಂದರೆ ಹಾಡು ಓಡಿಸುತ್ತಿರುವ ಯಂತ್ರದಲ್ಲಿ ಇಳಿಸಲು ಕೂರುವಂತಿಲ್ಲ. ಅದಕ್ಕೇ ದುಬಾರಿಯ ಒಂದು ಲ್ಯಾಪ್‌ಟಾಪ್‌ಗಿಂತ ಸಾಧಾರಣದ ಎರಡು ವಾಸಿ ಅಂತ ನನ್ನ ವಾದ. ಒಂದು ಹಾಡಿಗೆ, ಒಂದು ವಾಲ್‌ಗೆ. ಕಣ್ಣು ಒಂದೆರಡು ಫ್ರೇಮ್ ತಪ್ಪಿದರೂ ಸುಮ್ಮನಿರುತ್ತದೆ. ಕಿವಿಗೆ ಆ ದೊಡ್ಡಸ್ತಿಕೆ ಇಲ್ಲ.

ಕರೆಂಟು ಮತ್ತು ಬೇಸು

ಚಾರ್ಜರ್ ಹಾಕಿದ ಕೂಡಲೇ ಟಾಪ್‌ನಲ್ಲಿ 'ಝುಂ', ತೆಗೆದರೆ ನಿಶ್ಶಬ್ದ. ಇದನ್ನು ಕಾಣದ ಆಪರೇಟರ್ ಇಲ್ಲ. ಮೂರು ಪಿನ್ನಿನ ಚಾರ್ಜರಿನ ಅರ್ತು, ಆಂಪ್ಲಿಫೈಯರಿನ ಅರ್ತು ಎರಡೂ ಸೇರಿ ಒಂದು ಸುತ್ತು ಆಗುತ್ತದೆ, ಆ ಸುತ್ತಿನಲ್ಲಿ ಮೇನ್ಸಿನ ಗುಂಯ್‌ಗುಡಿತ ಹರಿಯುತ್ತದೆ. ಕೆಲವರು ಕಟಿಂಗ್ ಪ್ಲೇಯರ್‌ನಲ್ಲಿ ಅರ್ತ್ ಪಿನ್ನನ್ನೇ ಮುರಿದು ಹಾಕುತ್ತಾರೆ. ದಯವಿಟ್ಟು ಬೇಡ, ಒದ್ದೆ ನೆಲ, ಕಬ್ಬಿಣದ ಸ್ಟೇಜ್, ಜನರೇಟರ್ ಇರುವ ಕಡೆ ಅದು ಜೀವದ ಜೊತೆ ಆಟ. ಕಂಟ್ರೋಲರ್‌ಗೂ ಮಿಕ್ಸರ್‌ಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ದನಿ ದಾಟಿಸಿ ಆ ಸುತ್ತನ್ನು ಕಡಿಯುವ ಪುಟ್ಟ ಡಬ್ಬಿ) ಹಾಕಿದರೆ ಸಾಕು.

ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ನನಗಿರುವ ಇನ್ನೊಂದು ತಕರಾರು ಇಲ್ಲಿ ಬರುತ್ತದೆ. ಛತ್ರದಲ್ಲಿ ಕರೆಂಟು ಹೋಗಿ ಜನರೇಟರ್ ಹಿಡಿಯುವವರೆಗೆ ಅದು ಬ್ಯಾಟರಿ ಮೇಲೆ ಬೀಳುತ್ತದೆ, ಬಿದ್ದ ಕೂಡಲೇ ವೇಗ ಇಳಿಸಿಕೊಳ್ಳುತ್ತದೆ. ಚಾರ್ಜರ್ ಇದ್ದಾಗ ಹುಲಿ, ಇಲ್ಲದಾಗ ಅರ್ಧ. ಆಫೀಸು ಕೆಲಸಕ್ಕೆಂದು ಮಾಡಿದ ಸಣ್ಣ ಲ್ಯಾಪ್‌ಟಾಪ್‌ಗಳಿಗೆ ಈ ಎರಡು ಮುಖ ಅಷ್ಟಾಗಿ ಇಲ್ಲ.

ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಅಂತೂ ಬೇಡವೇ ಬೇಡ. 2022ರಲ್ಲಿ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ತಮ್ಮ ಬ್ಲಾಗಿನಲ್ಲಿ ಬರೆದ ಒಂದು ಪ್ರಸಂಗ ನಮ್ಮವರಿಗೆ ಹೇಳಿದರೆ ನಂಬುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಂದು ಹೆಸರಾಂತ ಪಾಪ್ ಹಾಡಿನ ವಿಡಿಯೊ ಹಾಕಿದರೆ ಕೆಲವು ಲ್ಯಾಪ್‌ಟಾಪ್‌ಗಳು ಕೆಟ್ಟು ನಿಲ್ಲುತ್ತಿದ್ದವಂತೆ. ಪಕ್ಕದಲ್ಲಿ ಸುಮ್ಮನೆ ಇಟ್ಟಿದ್ದ ಇನ್ನೊಂದು ಲ್ಯಾಪ್‌ಟಾಪೂ ನಿಂತಿತಂತೆ. ಹಾಡಿನ ಒಂದು ಕಂಪನ, ಒಳಗಿನ 5400 ಸುತ್ತಿನ ಹಾರ್ಡ್ ಡಿಸ್ಕಿನ ಸಹಜ ಕಂಪನಕ್ಕೆ ತಾಳೆಯಾಗುತ್ತಿತ್ತು. ಲ್ಯಾಪ್‌ಟಾಪ್ ಕಂಪನಿ ಕೊನೆಗೆ ಆ ದನಿಯನ್ನೇ ಸೋಸಿ ತೆಗೆಯುವ ಫಿಲ್ಟರ್ ಹಾಕಿ ಮಾರಿತು. ಅದು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನ ಪ್ರತಾಪ. ನಮ್ಮ ಟೇಬಲ್ ಇರುವುದು ಎರಡು ಹದಿನೆಂಟು ಇಂಚಿನ ಬೇಸ್‌ಗಳ ಪಕ್ಕ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಆ ಭಯವೂ ಇಲ್ಲ.

ಎಸ್‌ಪಿ ರಸ್ತೆಯಲ್ಲಿ

ಚಿಕ್ಕಮ್ಮನ ಮಗ ಈ ಸಲ ಸ್ವಂತ ಸೆಟ್ ಶುರು ಮಾಡಿದ್ದರಿಂದ ಅವನನ್ನು ಕರೆದುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರಸ್ತೆಗೆ ಹೋದೆ. ಜೊತೆಗೆ ಅವನ ಕಂಟ್ರೋಲರ್, ಒಂದು ಎಚ್‌ಡಿಎಂಐ ಕೇಬಲ್, ಮೇಲೆ ಹೇಳಿದ ಎಲ್ಲ ಜಾತಿಯ ವಿಡಿಯೊ ತುಂಬಿದ ಒಂದು ಪೆಂಡ್ರೈವ್. ಮೊದಲ ಮಹಡಿಯ ಸೆಕೆಂಡ್ ಹ್ಯಾಂಡ್ ಅಂಗಡಿ.

"ಏನ್ ಸಾರ್, ಗೇಮಿಂಗಾ, ಎಡಿಟಿಂಗಾ?"

"ಮದುವೆಗೆ."

"ಓ, ಗಿಫ್ಟ್ ಕೊಡೋಕಾ ಸಾರ್?"

ಚಿಕ್ಕಮ್ಮನ ಮಗ ಕಂಟ್ರೋಲರ್ ತೆಗೆದು ಕೌಂಟರ್ ಮೇಲಿಟ್ಟ. ಅಂಗಡಿಯವರಿಗೆ ಅರ್ಥವಾಯಿತು, ಆಮೇಲೆ ಅವರಿಗೂ ಕುತೂಹಲ. ಒಂದೊಂದೇ ಲ್ಯಾಪ್‌ಟಾಪ್‌ಗೆ ಅವರ ಮಾನಿಟರನ್ನು ಎಚ್‌ಡಿಎಂಐಯಲ್ಲಿ ಸಿಕ್ಕಿಸಿ, ಪರದೆ ವಿಸ್ತರಿಸಿ, ವಿಡಿಯೊ ಬಿಟ್ಟೆವು. ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಪುಟಕ್ಕೆ ಹೋದರೆ 'ವಿಡಿಯೊ ಡಿಕೋಡ್' ಅಂತ ಒಂದು ಗ್ರಾಫ್ ಇದೆ. ಅದು ಮೇಲೇರಿದರೆ ಚಿಪ್ಪು ದುಡಿಯುತ್ತಿದೆ, ಅದು ಮಲಗಿದ್ದು ಪ್ರೊಸೆಸರ್ ಏರಿದರೆ ಆ ಜಾತಿ ಅದಕ್ಕೆ ಗೊತ್ತಿಲ್ಲ. ಜೊತೆಗೆ ಕಂಟ್ರೋಲರಿನಲ್ಲಿ ಹಾಡು, ಹಿಂದೆ ಲೇಟೆನ್ಸಿಮಾನ್, ಬೇಕೆಂದೇ ವೈಫೈ ಆನ್. ನಡುವೆ ಚಾರ್ಜರ್ ಎಳೆದದ್ದಾಯಿತು. ಎಚ್‌ಡಿಎಂಐ ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿದ್ದೂ ಆಯಿತು. ನೋಡಲು ಚೆಂದವಿದ್ದ ಒಂದು ಲ್ಯಾಪ್‌ಟಾಪಿನಲ್ಲಿ ಅಷ್ಟಕ್ಕೇ ಚಿತ್ರ ಹೋಯಿತು, "ಅದು ಕೇಬಲ್ ಸಾರ್" ಅಂದರು. ಅದೇ ಕೇಬಲ್ ಪಕ್ಕದ ಲ್ಯಾಪ್‌ಟಾಪಿನಲ್ಲಿ ಸುಮ್ಮನಿತ್ತು.

ಕೊನೆಗೆ ಆರಿಸಿದ್ದು ಥಿಂಕ್‌ಪ್ಯಾಡ್ ಟಿ480, 2018ರ ಯಂತ್ರ, 8ನೇ ತಲೆಮಾರಿನ ಐ5. ಎರಡು ಹಳೆಯ ನಮೂನೆ ಯುಎಸ್‌ಬಿ, ಪೂರ್ತಿ ಗಾತ್ರದ ಎಚ್‌ಡಿಎಂಐ, ಬೇರೆ ಯುಎಸ್‌ಬಿ ಹಬ್ ಹಚ್ಚುವ ಹಂಗಿಲ್ಲ. ಒಳಗೊಂದು ಬ್ಯಾಟರಿ, ಹಿಂದೆ ಕಳಚುವ ಇನ್ನೊಂದು, ಆಫ್ ಮಾಡದೆಯೇ ಬದಲಾಯಿಸಬಹುದು. 8 ಜಿಬಿಯ ಒಂದು ರ‍್ಯಾಮ್ ಇತ್ತು, ಇನ್ನೊಂದು 8 ಹಾಕಿಸಿದೆವು. ಸ್ವಂತ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ರ‍್ಯಾಮ್ ಜೋಡಿಯಾಗಿದ್ದರೆ ಚಿತ್ರದ ಕೆಲಸ ಹಗುರ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿದೆ, ಇದು 11 ಒಪ್ಪುತ್ತದೆ. ಇದಕ್ಕಿಂತ ಹಿಂದಿನ ತಲೆಮಾರಾದರೆ ಆ ತೊಡಕು. ಎಲ್ಲ ಸೇರಿ ಹೊಸ ಗೇಮಿಂಗ್ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಎಷ್ಟೋ ಕಡಿಮೆ. ಕೊರತೆಗಳೂ ಇವೆ. ಎವಿ1 ಬರುವುದಿಲ್ಲ, ಹಗಲು ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಸ್ಟೆಮ್ಸ್ ಅಲ್ಲೇ ಮಾಡಲು ಹೋದರೆ ತೇಕುತ್ತದೆ, ಬೇಕಾದ ಹಾಡುಗಳನ್ನು ಮೊದಲೇ ಬೇರ್ಪಡಿಸಿ ಇಟ್ಟುಕೊಳ್ಳಬೇಕು.

ಅಂಗಡಿಯವರು ಎಂ1 ಮ್ಯಾಕ್‌ಬುಕ್ ಏರ್ ಕೂಡ ತೋರಿಸಿದರು. ನಿಜ ಹೇಳಬೇಕೆಂದರೆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಸದ್ದಿಲ್ಲದೆ ಪಾಸಾದದ್ದು ಅದೇ. ಫ್ಯಾನೇ ಇಲ್ಲದ್ದರಿಂದ ಧೂಳು ಎಳೆಯುವುದಿಲ್ಲ, ಬ್ಯಾಟರಿಯಲ್ಲೂ ಅದೇ ವೇಗ, ಟಪ್ ಅನ್ನುವ ಮಾತೇ ಇರಲಿಲ್ಲ. ಹೊರಗಿನ ಪರದೆ ಒಂದೇ ಹಚ್ಚಬಹುದು, ನಮಗೆ ಅಷ್ಟು ಸಾಕು. ಆದರೆ ಎಲ್ಲವೂ ಬೋರ್ಡಿಗೇ ಬೆಸೆದದ್ದು. ಅದರ ಮೇಲೆ ಜ್ಯೂಸ್ ಚೆಲ್ಲಿದರೆ ಅರಸೀಕೆರೆಯಲ್ಲಿ ಬಿಚ್ಚುವವರಿಲ್ಲ. ಹಣ, ರಿಪೇರಿ ಎರಡರ ಚಿಂತೆಯೂ ಇಲ್ಲದವರು ಕಣ್ಣು ಮುಚ್ಚಿ ತಗೊಳ್ಳಬಹುದು.

ಕಳೆದ ವಾರ ಚಿಕ್ಕಮ್ಮನ ಮಗನ ಫೋನು. ಫೋಟೋಗ್ರಾಫರ್ ನಾವು ಹೇಳಿದ ಅಳತೆಯಲ್ಲೇ, ಎರಡು ದಿನ ಮೊದಲೇ ಫೈಲು ಕಳಿಸಿದ್ದಾರೆ. ಆದರೆ ಈಗ ಎಲ್ಲವೂ ರೀಲ್ಸ್, ನೆಟ್ಟಗೆ ನಿಂತ ವಿಡಿಯೊ. 640 ಎತ್ತರದ ವಾಲ್‌ನಲ್ಲಿ ಅದನ್ನು ನಿಲ್ಲಿಸಿದರೆ ಅಗಲ 360. 1024ರಲ್ಲಿ ಮೂರನೆಯ ಎರಡು ಭಾಗ ಕಪ್ಪು. "ಅಣ್ಣಾ, ಅಕ್ಕಪಕ್ಕ ಏನ್ ಹಾಕ್ಲಿ?" ಅದೇ ವಿಡಿಯೊವನ್ನು ಮಸುಕು ಮಾಡಿ ಹಿಂದೆ ಹಿಗ್ಗಿಸುವುದು ಎಲ್ಲರೂ ಮಾಡುವ ಉಪಾಯ, ಅಲ್ಲೇ ಮಾಡಿದರೆ ಟಿ480ಗೆ ಅದು ಹೆಚ್ಚಿನ ಹೊರೆ. ಮೊದಲೇ ಬರೆದಿಟ್ಟುಕೋ, ಇಲ್ಲವೇ ಎರಡು ಬದಿಗೆ ಹುಡುಗ–ಹುಡುಗಿಯ ಹೆಸರಿರುವ ಚಿತ್ರ ಮಾಡಿ ಓಬಿಎಸ್ ಅನ್ನುವ ತಂತ್ರಾಂಶದಲ್ಲಿ ನಿಲ್ಲಿಸು ಅಂದೆ. "ಹೆಸರು ಹಾಕೋದಾದ್ರೆ ಮೊದ್ಲು ಅವ್ರನ್ನೇ ಕೇಳ್ಬೇಕು ಅಣ್ಣಾ" ಅಂದ, "ಕಾರ್ಡಲ್ಲಿ ಒಂದ್ ಸ್ಪೆಲ್ಲಿಂಗ್ ಐತೆ, ಬ್ಯಾನರಲ್ಲಿ ಇನ್ನೊಂದು."